ದೊರೆಯ ರೀಲಿಗೆ ಒಂದು ಬಾಟ್ಲಿ

೧೯೬೦ ನವೆಂಬರ್ ೧೪, ಸೋಮವಾರ

ಇವತ್ತು ಅಂಗಡಿಗೆ ವಾಚೂ ಅಲ್ಲದ, ಗಡಿಯಾರವೂ ಅಲ್ಲದ ಸಾಮಾನೊಂದು ಬಂತು. ತಂದವನ ಹೆಸರು ಅಣ್ಣು. ನೆರಿಯ ಊರಿನ ಆಚೆ ಕಾಡಿನ ಅಂಚಿಗೆ ಒಬ್ಬ ಬಿಳಿ ದೊರೆಯ ಎಸ್ಟೇಟು ಇದೆಯಂತೆ, ಅಲ್ಲಿನ ಬಂಗಲೆಯಲ್ಲಿ ಇವನು ಅಡುಗೆಯವನಂತೆ. ಎರಡು ಬಸ್ಸು ಬದಲಿಸಿ ಗುರುವಾಯನಕೆರೆಯವರೆಗೆ ಬಂದಿದ್ದಾನೆ. ಹೆಗಲ ಮೇಲಿನ ಬೈರಾಸಿನ ಗಂಟು ಬಿಚ್ಚಿ ಅವನು ಮೇಜಿನ ಮೇಲಿಟ್ಟದ್ದು ಗಾಳದ ರೀಲು. ಅಂಗೈಯಗಲದ ಹಿತ್ತಾಳೆ ಚಕ್ರ, ತಿರುಗಿಸಲು ಕೊಂಬಿನ ಹಿಡಿ, ಒಳಗೆ ಸಣ್ಣ ಹಲ್ಲುಗಾಲಿಗಳು. ಮೀನು ಗಾಳ ಕಚ್ಚಿ ಓಡುವಾಗ ದಾರ ಬಿಡುವುದಕ್ಕೂ ಮತ್ತೆ ಎಳೆದು ಸುತ್ತುವುದಕ್ಕೂ ಈ ಯಂತ್ರ. ಹಳೆಯ ಗ್ರೀಸು ಹೊಳೆಯ ಮರಳಿನೊಂದಿಗೆ ಸೇರಿ ಒಳಗೆಲ್ಲ ಕಪ್ಪು ಮೇಣವಾಗಿ ಕೂತಿತ್ತು.

"ನಾನು ವಾಚಿನವ ಮಾರಾಯ, ಮೀನಿನವ ಅಲ್ಲ" ಎಂದೆ. "ಅದೂ ನಾವು ಜೈನರು. ಇದನ್ನು ನಾನು ಮುಟ್ಟುವುದು ಹೇಗೆ?"

"ಮೀನು ಹಿಡಿಯುವುದು ನೀವಲ್ಲವಲ್ಲ ವಾಚಿನವರೇ. ತೊಳೆದು ಕೊಟ್ಟರೆ ಸಾಕು. ಗುರುವಾಯನಕೆರೆಯಲ್ಲಿ ಒಬ್ಬರ ಕೈ ಬಹಳ ಸಪೂರ ಉಂಟು, ಅವರ ಹತ್ತಿರವೇ ಕೊಡು ಅಂತ ದೊರೆ ಹೇಳಿದ್ರು."

ನಾನು ಹೊಗಳಿಕೆಗೆ ಬೀಳುವವನು. ಅದು ನನ್ನ ಹೆಂಡತಿ ಕಮಲಾವತಿಗೆ ಗೊತ್ತು, ಈಗ ದೊರೆಗೂ ಗೊತ್ತಾದ ಹಾಗಿದೆ. ಇಟ್ಟು ಹೋಗು ಎಂದೆ.

ಮನೆಯಲ್ಲಿ ಹೇಳಲಿಲ್ಲ. ಕಮಲಾವತಿಗೆ ಈಗ ಐದನೆಯ ತಿಂಗಳು. ಹಿಂದಿನ ಎರಡು ಮಕ್ಕಳೂ ಹುಟ್ಟಿ ಒಂದು ದಿನ ಕಳೆಯುವ ಮೊದಲೇ ಹೋದವು. ಎರಡು ಸಲವೂ ನಾನು ಹತ್ತಿರ ಇರಲಿಲ್ಲ. ಒಮ್ಮೆ ಮಂಗಳೂರಿನಲ್ಲಿ ಸ್ಪ್ರಿಂಗು ಕೊಳ್ಳುತ್ತಿದ್ದೆ, ಇನ್ನೊಮ್ಮೆ ಬೆಳ್ತಂಗಡಿಯಲ್ಲಿ ಯಾರದೋ ಗೋಡೆಗಡಿಯಾರದೊಳಗೆ ತಲೆ ಇಟ್ಟು ಕೂತಿದ್ದೆ. ಅವಳು ಆಗ ಒಂದು ಮಾತೂ ಆಡಲಿಲ್ಲ. ಇವತ್ತು ಸಂಜೆ ಬಡಿಸುತ್ತ ಹೇಳಿದಳು:

"ನನಗೆ ಬೇರೆ ಏನೂ ಬೇಡ. ಈ ಸಲ ನೋವು ಬಂದ ದಿನ ನೀವು ಬಾಗಿಲಿನ ಹೊರಗೆ ಇರಬೇಕು. ನೀವು ಅಲ್ಲಿ ಇದ್ದೀರಿ ಅಂತ ಗೊತ್ತಾದರೆ ಸಾಕು, ನಾನು ಧೈರ್ಯ ಮಾಡ್ತೇನೆ."

ಇರುತ್ತೇನೆ ಎಂದು ಬಸದಿಯ ಆಣೆ ಮಾಡಿದೆ. ಮರೆಯದಿರಲಿ ಎಂದು ಇಲ್ಲಿಯೂ ಬರೆದಿಟ್ಟಿದ್ದೇನೆ.

ನವೆಂಬರ್ ೧೬, ಬುಧವಾರ

ವಾಚನ್ನು ಬಿಚ್ಚಿ ಪೆಟ್ರೋಲಿನಲ್ಲಿ ಅದ್ದಿದರೆ ಆಯಿತು. ರೀಲು ಹಾಗಲ್ಲ. ಅದ್ದಿದರೆ ಕೊಂಬಿನ ಹಿಡಿ ಬಿರಿಯುತ್ತದೆ, ಬದಿಯ ಕಪ್ಪು ಬಣ್ಣ ಏಳುತ್ತದೆ. ಬ್ರಶ್ಶು ಹಾಕಿದರೆ ಅದರ ಕೂದಲು ಹಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಸೀಮೆಎಣ್ಣೆಯನ್ನು ಸಪೂರವಾಗಿ ಚಿಮ್ಮಿಸಿ, ಗ್ರೀಸು ಕರಗಿ ಕೆಳಗೆ ತೊಟ್ಟಿಕ್ಕುವ ಹಾಗೆ ಮಾಡುವುದೊಂದೇ ದಾರಿ. ಅದಕ್ಕೆ ಚಿಮ್ಮಿಸುವ ಬಾಟ್ಲಿ ಬೇಕು.

ಪಕ್ಕದ ಹೋಟೆಲಿನಿಂದ ಫ್ಲಿಟ್ ಪಂಪು ಕೇಳಿ ತಂದೆ. ನಮ್ಮ ಮನೆಯಲ್ಲಿ ಸೊಳ್ಳೆ ಕೊಲ್ಲುವ ಪಂಪು ಎಲ್ಲಿಂದ ಬರಬೇಕು? ಎಷ್ಟು ಸೊಳ್ಳೆಗಳ ಪಾಪ ಅದರ ಮೇಲಿದೆಯೋ ಎಂದು ಮೂರು ಸಲ ತೊಳೆದೆ. ಸೀಮೆಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ತುಂಬಿಸಿದೆ. ಹುಟ್ಟಿದಂದಿನಿಂದ ನೀರನ್ನು ಸೋಸಿಯೇ ಕುಡಿದವನಿಗೆ ಕೈ ತಾನಾಗಿ ಬಟ್ಟೆಗೆ ಹೋಗುತ್ತದೆ. ಪಂಪು ಒತ್ತಿದರೆ ರೀಲೊಂದು ಬಿಟ್ಟು ಮೇಜು, ಗೋಡೆ, ನನ್ನ ಪಂಚೆ ಎಲ್ಲ ಒದ್ದೆಯಾಯಿತು. ತಗಡಿನ ಬೆಸುಗೆ ಬಿಟ್ಟ ಸಂದಿಯಲ್ಲಿ ಸೋರಿತು. ತುಕ್ಕಿನ ಚೂರೂ ಎಣ್ಣೆಯೊಟ್ಟಿಗೆ ಬಂತು. ಹೇಗೋ ಕೆಲಸ ಮುಗಿಸಿದೆ.

ಹಿಡಿ ತಿರುಗಿಸಿ ಬಿಟ್ಟರೆ ರೀಲು ಕಿರ್ರೆಂದು ಸುತ್ತುತ್ತದೆ. ಒಳ್ಳೆಯ ಶಬ್ದ. ಎಷ್ಟೋ ಸಲ ತಿರುಗಿಸಿದೆ. ಆದರೂ ಮನಸ್ಸಿನಲ್ಲಿ ಒಂದು ಚುಚ್ಚು. ನಾನು ತೊಳೆದು ಕೊಟ್ಟ ರೀಲಿನಿಂದ ನಾಳೆ ಒಂದು ಜೀವ ಹೋಗುತ್ತದಲ್ಲ.

ನವೆಂಬರ್ ೨೩, ಬುಧವಾರ

ಅಣ್ಣು ರೀಲನ್ನು ವಾಪಸು ತಂದ!

"ದೊರೆಗೆ ಸರಿ ಆಗಲಿಲ್ಲ. ಮೂರನೇ ಸುತ್ತಿನಲ್ಲಿ ಒಂದು ಕಡೆ ಹಿಡೀತದೆ ಅಂತ ಹೇಳಿದ್ರು."

ಇಪ್ಪತ್ತು ವರ್ಷಗಳಲ್ಲಿ ನನ್ನ ಕೆಲಸ ವಾಪಸು ಬಂದದ್ದಿಲ್ಲ. "ನಿಮ್ಮ ದೊರೆಗೆ ಕೈಯಲ್ಲೇ ಏನೋ ತೊಂದರೆ ಇರಬೇಕು" ಎಂದು ರೇಗಿದೆ. ಅಣ್ಣು ಬೇಸರಿಸಲಿಲ್ಲ. ಅವನು ಸಪ್ಪೆ ಮೋರೆಯ ಮುದುಕ. ಯಾವುದಕ್ಕೂ ಅವನದು ಅದೇ ಉತ್ತರ, ದೊರೆ ಹೇಳಿದ್ರು. ಕುಡಿಯಲು ನೀರು ಬೇಕಾ ಎಂದರೂ ದೊರೆ ಹೇಳಬೇಕೋ ಏನೋ. ಸಂಜೆ ಕಮಲಾವತಿಯ ಎದುರು, ರೀಲಿನ ಮಾತೆತ್ತದೆ, ಅವನ ಹಾಗೆ ಮೂಗಿನಿಂದ ಮಾತಾಡಿ ತೋರಿಸಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದರೆ ಅವನು ಹೋದ ಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದ್ದೆ. ಎರಡನೆಯ ಹಲ್ಲುಗಾಲಿಯ ಅಡಿಯಲ್ಲಿ ಒಂದು ಮರಳಿನ ಕಾಳು. ಮೂರನೆಯ ಸುತ್ತಿಗೇ ಸಿಕ್ಕುವಂಥದ್ದು. ಈ ದೊರೆ ಯಾರೋ, ಆದರೆ ಕೈ ಅಂದರೆ ಕೈ.

ಡಿಸೆಂಬರ್ ೧, ಗುರುವಾರ

ಕ್ಷೌರದಂಗಡಿಯವರ ಗಾಜಿನ ಬಾಟ್ಲಿ ತಂದು ನೋಡಿದೆ. ರಬ್ಬರಿನ ಉಂಡೆ ಹಿಸುಕಿದರೆ ಮೂತಿಯಿಂದ ಹನಿ ಚಿಮ್ಮುವಂಥದ್ದು. ಎರಡು ದಿನ ರಾಜನ ಹಾಗೆ ಕೆಲಸ ಮಾಡಿತು. ಇವತ್ತು ಬೆಳಿಗ್ಗೆ ನೋಡಿದರೆ ಸೀಮೆಎಣ್ಣೆ ಕುಡಿದ ರಬ್ಬರು ಉಬ್ಬಿ, ಕೊಳೆತ ಪುನರ್ಪುಳಿ ಹಣ್ಣಿನ ಹಾಗೆ ಬೆರಳಿಗೆ ಅಂಟಿ ಬಂತು. ಪೆಟ್ರೋಲು ಹಾಕಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ತಗಡೂ ಬೇಡ, ರಬ್ಬರೂ ಬೇಡ ಎಂಬಷ್ಟು ತಿಳಿಯಿತು.

ರೀಲು ಬುಧವಾರ ಬುಧವಾರ ಬರುತ್ತಿದೆ. ಪ್ರತಿಸಲವೂ ಹೊಸ ಮರಳು. ದಾರ ಒದ್ದೆ.

ಸಂಜೆ ಕಮಲಾವತಿ ನನ್ನ ಕೈ ಹಿಡಿದು ಮೂಸಿ ದೂರ ತಳ್ಳಿದಳು. "ಮೀನಿನ ವಾಸನೆ" ಎಂದಳು.

"ಸೀಮೆಎಣ್ಣೆ ಅದು" ಎಂದೆ.

"ಸೀಮೆಎಣ್ಣೆ ವಾಸನೆ ನನಗೆ ಗೊತ್ತಿಲ್ಲವಾ? ಇದು ಹೊಳೆಯದ್ದು. ಮೀನಿನದ್ದೇ."

ರೀಲಿನ ವಿಷಯ ಹೇಳಬೇಕಾಯಿತು. ಅವಳು ಬಯ್ಯಲಿಲ್ಲ. "ಹೊಟ್ಟೆಯಲ್ಲಿ ಒಂದು ಜೀವ ಇರುವಾಗ ಇದು ಬೇಡ ಇತ್ತು" ಎಂದಷ್ಟೇ ಹೇಳಿದಳು. ನನಗೆ ನಾಚಿಕೆಯಾಯಿತು. ಇದೊಂದು ಸಲ ದೊರೆಯ ಬಾಯಿಂದ ಸರಿ ಎನಿಸಿಕೊಂಡು ಆಮೇಲೆ ಬಿಟ್ಟುಬಿಡುತ್ತೇನೆ.

ಡಿಸೆಂಬರ್ ೧೧, ಭಾನುವಾರ

ಬಂಟ್ವಾಳದ ಪೇಟೆಗೆ ಹೋಗಿದ್ದೆ. ಹಸನಬ್ಬ ಬ್ಯಾರಿಗಳ ಅತ್ತರಿನ ಅಂಗಡಿಯಲ್ಲಿ ಬಗೆಬಗೆಯ ಬಾಟ್ಲಿ ಇರುತ್ತದೆ.

"ಅತ್ತರು ಯಾರಿಗೆ ಮಾರಾಯ್ರೇ? ಮನೆಯವರಿಗಾ?" ಎಂದು ಕಣ್ಣು ಮಿಟುಕಿಸಿದರು.

"ಅತ್ತರು ಬೇಡ. ಒತ್ತಿದರೆ ಚಿಮ್ಮುವ ಖಾಲಿ ಬಾಟ್ಲಿ ಬೇಕು, ರಬ್ಬರು ಇಲ್ಲದ್ದು. ಸೀಮೆಎಣ್ಣೆ ಹಾಕ್ಲಿಕ್ಕೆ."

ಅವರು ಬಿದ್ದು ಬಿದ್ದು ನಕ್ಕರು. ನಾನು ರೀಲಿನ ಕಥೆ, ನೆರಿಯದ ದೊರೆಯ ಕಿರಿಕಿರಿ ಎಲ್ಲ ಹೇಳಿದೆ. ಅವರ ನಗು ನಿಂತಿತು.

"ಯಾವ ದೊರೆ? ಅಣ್ಣು ಅಡುಗೆಯವ ಇರುವ ಬಂಗಲೆಯ ದೊರೆಯಾ? ಅವರು ತೀರಿಹೋಗಿ ನಾಲ್ಕು ವರ್ಷ ಆಯ್ತಲ್ಲ ಮಾರಾಯ್ರೇ! ಹೊಳೆಯ ಗುಂಡಿಯಲ್ಲಿ ಗಾಳ ಹಾಕ್ತಾ ಹಾಕ್ತಾ ಮುಳುಗಿದ್ದು. ಬಂಗಲೆಗೆ ಸಾಬೂನು, ಸೆಂಟು ಎಲ್ಲ ನನ್ನ ಅಂಗಡಿಯಿಂದಲೇ ಹೋಗ್ತಿತ್ತು. ಈಗ ಅಲ್ಲಿ ಆ ಮುದುಕ ಒಬ್ಬನೇ."

ಮುಕ್ಕಾಲು ಗಂಟೆ ನದಿಯ ಕಡೆ ನೋಡುತ್ತ ಕೂತೆ. ಬರುವಾಗ ಕೈಯಲ್ಲಿ ಬಾಟ್ಲಿ ಇತ್ತು. ಗಾಜಿನದ್ದು, ತಲೆಯ ಮೇಲೆ ಗಿಲೀಟಿನ ಗುಂಡಿ, ಒತ್ತಿದರೆ ಮಂಜಿನಂಥ ಹನಿ. ಯಾವಾಗ ಕೊಂಡೆನೋ ನೆನಪಾಗುತ್ತಿಲ್ಲ.

ಡಿಸೆಂಬರ್ ೧೪, ಬುಧವಾರ

ಅಣ್ಣು ಬಂದ ಕೂಡಲೇ ಕೇಳಿದೆ. "ನಿಮ್ಮ ದೊರೆ ತೀರಿಹೋಗಿದ್ದಾರಂತಲ್ಲ?"

ಸುಳ್ಳು ಹೇಳುತ್ತಾನೆ, ಇಲ್ಲವೇ ಅಳುತ್ತಾನೆ ಎಂದುಕೊಂಡಿದ್ದೆ. ಅವನು ಬೈರಾಸಿನ ಗಂಟು ಬಿಚ್ಚುತ್ತಲೇ ಹೇಳಿದ:

"ಹೌದು ವಾಚಿನವರೇ. ನಾನೇ ಮಣ್ಣು ಹಾಕಿದ್ದು. ನೀರಿನಲ್ಲಿ ಇದ್ದವರಲ್ವಾ, ಅವರಿಗೆ ಎಣ್ಣೆಯ ಪಸೆ ಸ್ವಲ್ಪವೂ ಆಗುವುದಿಲ್ಲ. ಅದಕ್ಕೇ ಇಷ್ಟು ಚೊಕ್ಕ ಬೇಕು ಅಂತ ಹೇಳುವುದು."

ಹುಚ್ಚ. ಪಾಪದ ಹುಚ್ಚ. ನಾಲ್ಕು ವರ್ಷ ಒಬ್ಬನೇ ಕಾಡಿನ ಬದಿಯಲ್ಲಿದ್ದರೆ ಯಾರಿಗಾದರೂ ತಲೆ ಕೆಡುತ್ತದೆ. ತಾನೇ ಹೊಳೆಗೆ ರೀಲು ಅದ್ದಿ ತರುತ್ತಾನೆ, ಅಷ್ಟೇ. ಆಮೇಲೆ ಒಂದು ವಿಷಯ ಹೊಳೆಯಿತು, ಹೊಳೆದ ಕೂಡಲೇ ಎದೆ ಹಗುರಾಯಿತು. ಸತ್ತವರು ಮೀನು ಹಿಡಿಯುವುದಿಲ್ಲ. ಅಂದರೆ ನಾನು ತೊಳೆದ ರೀಲಿನಿಂದ ಇದುವರೆಗೆ ಒಂದು ಜೀವವೂ ಹೋಗಿಲ್ಲ, ಮುಂದೆಯೂ ಹೋಗುವುದಿಲ್ಲ. ಊರಲ್ಲಿ ಗಾಳದ ರೀಲು ತೊಳೆಯಬಹುದಾದ ಜೈನನೊಬ್ಬ ಇದ್ದರೆ ಅದು ನಾನೇ! ಬಿಡುವ ಅಗತ್ಯವೇ ಇಲ್ಲ. ಒಂದು ತಿಂಗಳಿಂದ ತಿನ್ನುತ್ತಿದ್ದ ಪಾಪದ ಯೋಚನೆ ಹೋಯಿತು.

ಕಮಲಾವತಿಗೆ ಹೀಗೆ ಹೀಗೆ ಎಂದು ವಿವರಿಸಿದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಹೆಂಗಸರಿಗೆ ತರ್ಕ ಬೇಗ ಹಿಡಿಯುವುದಿಲ್ಲ.

ಹಲ್ಲುಗಾಲಿಯ ಸಂದಿಯಲ್ಲಿ ಇವತ್ತು ಉಗುರಿನಷ್ಟು ಅಗಲದ, ಬೆಳ್ಳಗೆ ಹೊಳೆಯುವ ಒಂದು ಚೂರು ಸಿಕ್ಕಿತು. ಮೀನಿನ ಹುರುಪೆಯ ಹಾಗೆ ಇತ್ತು. ಅಭ್ರಕ ಇರಬೇಕು.

ಡಿಸೆಂಬರ್ ೨೭, ಮಂಗಳವಾರ

ಅತ್ತರಿನ ಬಾಟ್ಲಿಯೂ ಹೋಯಿತು. ಒಳಗಿನ ಬಿರಡೆ ಸೀಮೆಎಣ್ಣೆಗೆ ಕುಗ್ಗಿ ಗಾಳಿ ಎಳೆಯುತ್ತಿತ್ತು. ಸರಿಮಾಡಲು ಹೋಗಿ ಕೈತಪ್ಪಿ ಒಡೆಯಿತು. ಹಸನಬ್ಬರು ಬಸ್ಸಿನಲ್ಲಿ ಬೊಂಬಾಯಿಯ ಪ್ಲಾಸ್ಟಿಕ್ಕಿನ ಬಾಟ್ಲಿ ಕಳಿಸಿದ್ದರು. ಹಿಸುಕಿದರೆ ಚಿಮ್ಮುತ್ತದೆ, ಬಿದ್ದರೆ ಒಡೆಯುವುದಿಲ್ಲ, ನೋಡಲು ಚೆಂದ. ನಾಲ್ಕನೆಯ ದಿನಕ್ಕೆ ಮೂತಿ ಮೆತ್ತಗಾಗಿ ಬಾಗಿತು, ಎಣ್ಣೆ ಎಲ್ಲಿಗೋ ಗುರಿಯಿಟ್ಟರೆ ಎಲ್ಲಿಗೋ ಹೋಗುತ್ತದೆ.

ವಾಚು ರಿಪೇರಿಗೆ ಕೊಟ್ಟ ನಾಲ್ಕು ಜನ ಬಂದು ಇನ್ನೂ ಆಗಲಿಲ್ಲವಾ ಎಂದು ಕೇಳಿ ಹೋದರು.

೧೯೬೧ ಜನವರಿ ೫, ಗುರುವಾರ

ಸಿಕ್ಕಿತು! ಎರಡು ತಿಂಗಳು ಊರೂರು ಹುಡುಕಿದ್ದು ಮನೆಯ ಪೆಟ್ಟಿಗೆಯಲ್ಲೇ ಇತ್ತು.

ಕಮಲಾವತಿಯ ಹಿತ್ತಾಳೆಯ ಪನ್ನೀರುದಾನಿ. ಉದ್ದ ಕುತ್ತಿಗೆ, ತುಂಬಿದ ಹೊಟ್ಟೆ. ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು, ಆ ತಾಯಿಗೆ ಅವರ ತಾಯಿ ಕೊಟ್ಟದ್ದು. ನೂರು ವರ್ಷದ ಹಿತ್ತಾಳೆ, ಒಂದು ಕಡೆಯೂ ಬಿರುಕಿಲ್ಲ, ತುಕ್ಕು ಎಂಬ ಮಾತಿಲ್ಲ. ತಲೆಯ ತೂತುಗಳನ್ನೆಲ್ಲ ಬೆಸುಗೆಯಿಂದ ಮುಚ್ಚಿ, ನಡುವೆ ವಾಚಿನ ಬೈರಿಗೆಯಿಂದ ಒಂದೇ ಸಣ್ಣ ತೂತು ಕೊರೆದೆ. ಹೊಟ್ಟೆಯನ್ನು ಕತ್ತರಿಸಿ, ಹೋಟೆಲಿನವರ ಹಳೆಯ ಸ್ಟೌವಿನ ಗಾಳಿಪಂಪು ಕೂರಿಸಿದೆ. ಆ ಪಂಪಿನ ವಾಶರು ಚರ್ಮದ್ದು. ಹರಳೆಣ್ಣೆ ಸವರಿಟ್ಟರೆ ಸೀಮೆಎಣ್ಣೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಚರ್ಮವನ್ನು ನಾನು ಮುಟ್ಟುವವನಲ್ಲ, ವಾಚಿನ ಪಟ್ಟಿಯನ್ನೂ ಗಿರಾಕಿಯ ಕೈಯಿಂದಲೇ ಬಿಚ್ಚಿಸುವವನು. ಆದರೆ ಇದು ಕೆಲಸ.

ಹತ್ತು ಸಲ ಒತ್ತಿ ತಿರುಪು ಸಡಿಲಿಸಿದರೆ ಎಣ್ಣೆ ಕೂದಲೆಳೆಯಷ್ಟು ಸಪೂರವಾಗಿ, ನೆಟ್ಟಗೆ, ಬೇಕಾದ ಹಲ್ಲಿಗೇ ಹೋಗಿ ತಾಗುತ್ತದೆ. ಸಂತೋಷಕ್ಕೆ ಅಳು ಬಂತು. ಇಷ್ಟು ಒಳ್ಳೆಯದನ್ನು ಜನ್ಮದಲ್ಲಿ ಮಾಡಿರಲಿಲ್ಲ. ಮನೆಗೆ ಹೋಗುವಾಗ ದೀಪ ಹಚ್ಚಿಯಾಗಿತ್ತು. ಕಮಲಾವತಿ ಹೊತ್ತು ಮುಳುಗುವ ಮೊದಲೇ ಉಂಡಿದ್ದಳು. ಕತ್ತಲಾದ ಮೇಲೆ ಉಣ್ಣಬಾರದೆಂಬ ನಮ್ಮವರ ನೇಮ ಮುರಿದು ನಾನು ಆಮೇಲೆ ಉಂಡೆ. ಒಂದು ದಿನ ತಾನೇ.

ಜನವರಿ ೮, ಭಾನುವಾರ

ಸೀಮಂತ. ಮೂಡಬಿದ್ರೆಯಿಂದ ಕಮಲಾವತಿಯ ತಮ್ಮ ಪುಷ್ಪರಾಜ, ಅವಳ ತಾಯಿ, ಇನ್ನೂ ಹತ್ತು ಜನ. ಮನೆ ತುಂಬ ಬಳೆಯ ಶಬ್ದ. ಪನ್ನೀರು ಚಿಮುಕಿಸುವ ಹೊತ್ತಿಗೆ ಅತ್ತೆ ಪೆಟ್ಟಿಗೆ ತೆಗೆದರು. ದಾನಿ ಇಲ್ಲ. ನಾನು ಉಜ್ಜಲೆಂದು ಅಂಗಡಿಗೆ ಒಯ್ದಿದ್ದೇನೆ ಎಂದೆ. ಅಂಗಡಿ ಎಷ್ಟು ದೂರ, ನಾನೇ ತರುತ್ತೇನೆ ಎಂದು ಕಮಲಾವತಿ ತುಂಬಿದ ಮೈಯಲ್ಲಿ ಎದ್ದು ಹೊರಟಳು. ನಾನು ಹಿಂದೆ ಓಡಿದೆ.

ಮೇಜಿನ ಮೇಲೆ ಅದು ಇತ್ತು. ಅವಳು ಅದನ್ನು ಎತ್ತಲಿಲ್ಲ. ಬೆಸುಗೆಯ ಮೇಲೆ ಒಂದು ಬೆರಳು ಮಾತ್ರ ಆಡಿಸಿದಳು.

"ತಗಡು ಬಾಳಲಿಲ್ಲ, ರಬ್ಬರು ಬಾಳಲಿಲ್ಲ ಅಂತ ಹೇಳ್ತಾ ಇದ್ದಿರಲ್ಲ. ನನ್ನದು ಬಾಳ್ತದಾ?"

"ಇನ್ನು ನೂರು ವರ್ಷ ಬಾಳ್ತದೆ" ಎಂದೆ. ನಿಜವನ್ನೇ ಹೇಳಿದೆ.

ಲೋಟದಿಂದಲೇ ಬೆರಳಲ್ಲಿ ಅದ್ದಿ ಪನ್ನೀರು ಚಿಮುಕಿಸಿದರು. ಸಂಜೆಯ ಬಸ್ಸಿಗೆ ಅವಳನ್ನು ಹೆರಿಗೆಗೆಂದು ತೌರಿಗೆ ಕರೆದುಕೊಂಡು ಹೋದರು. ಕಿಟಕಿಯಿಂದ ಅವಳು "ಮಾರ್ಚಿನಲ್ಲಿ. ನೆನಪುಂಟಲ್ಲ?" ಎಂದಳು. ಉಂಟು ಎಂದೆ. ಬಸ್ಸು ಹೋದ ಮೇಲೆ ಮನೆ ಭಣಭಣ ಎಂದಿತು, ಅಂಗಡಿಗೆ ಬಂದು ಬಾಗಿಲು ತೆಗೆದು ಕೂತೆ.

ಜನವರಿ ೨೫, ಬುಧವಾರ

ಅಣ್ಣು ರೀಲು ತರಲಿಲ್ಲ. ಬರಿಗೈಯಲ್ಲಿ ಬಂದು ಹೇಳಿದ: "ದೊರೆಗೆ ಖುಷಿ ಆಯ್ತು. ಆ ಹಿತ್ತಾಳೆ ಬಾಟ್ಲಿ ಬಹಳ ಒಳ್ಳೆದುಂಟು, ಅದನ್ನೇ ಇಟ್ಟುಕೊಳ್ಳಲಿ ಅಂತ ಹೇಳಿದ್ರು."

ನಾನು ಉಬ್ಬಿಹೋದೆ. ಅವನು ಹೋಗಿ ಅರ್ಧ ಗಂಟೆಯಾದ ಮೇಲೆ ನೆನಪಾಯಿತು, ಆ ಬಾಟ್ಲಿಯನ್ನು ಅಣ್ಣುವಿಗೆ ನಾನು ತೋರಿಸಿಯೇ ಇಲ್ಲ. ಅವನು ಬರುವಾಗಲೆಲ್ಲ ಅದು ಕಪಾಟಿನೊಳಗೆ ಇರುತ್ತದೆ.

ಇರಲಿ. ಹೊಗಳಿದ್ದು ಸುಳ್ಳಲ್ಲವಲ್ಲ.

ಫೆಬ್ರವರಿ ೮, ಬುಧವಾರ

ಅಣ್ಣು ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿ, ಕೈಯಲ್ಲಿ ಟ್ರಂಕು ಹಿಡಿದು ಬಂದ. ಹತ್ತು ವರ್ಷ ಚಿಕ್ಕವನಾದ ಹಾಗೆ ಕಾಣುತ್ತಿದ್ದ. ಇಷ್ಟು ದಿನದಲ್ಲಿ ಅವನು ನಕ್ಕದ್ದನ್ನು ಇವತ್ತೇ ಕಂಡದ್ದು.

"ನಾನು ಇನ್ನು ಬರಬೇಕಾಗಿಲ್ಲವಂತೆ ವಾಚಿನವರೇ. ತಂಗಿಯ ಮನೆ ಮಂಗಳೂರಿನಲ್ಲುಂಟು, ಅಲ್ಲಿಗೆ ಹೋಗ್ತೇನೆ."

"ಹಾಗಾದರೆ ರೀಲು?"

"ದೊರೆಯೇ ತರ್ತಾರೆ. ನಿಮ್ಮ ಹತ್ತಿರ ಕೂತು ಕೆಲಸ ನೋಡಬೇಕಂತೆ." ಅವನು ನನ್ನ ಎರಡು ಕೈಗಳನ್ನೂ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದವನು ಬಸ್ಸಿನ ಹಾರ್ನು ಕೇಳಿ ಓಡಿದ. ಓಡುವಾಗ ಹಿಂದೆ ನೋಡಲಿಲ್ಲ.

ಹೋಟೆಲಿನಿಂದ ಒಂದು ಕುರ್ಚಿ ತಂದು ಮೇಜಿನ ಎದುರು ಹಾಕಿದೆ.

ಫೆಬ್ರವರಿ ೧೫, ಬುಧವಾರ

ಮೂರು ಗಂಟೆಗೆ ಬಂದರು. ಬಿಸಿಲು ಕಾದು ಪೇಟೆಯಲ್ಲಿ ನಾಯಿಯೂ ಇರದ ಹೊತ್ತು. ನಾನು ತಲೆ ಬಗ್ಗಿಸಿದ್ದೆ, ಕಿರ್ರೆಂದು ರೀಲಿನ ಶಬ್ದವಾಯಿತು, ತಲೆ ಎತ್ತಿದರೆ ಕುರ್ಚಿಯಲ್ಲಿದ್ದರು. ಮರ್ಯಾದಸ್ಥರು. ಹೆಚ್ಚು ಮಾತಿಲ್ಲ, ಕನ್ನಡ ನಿಧಾನವಾಗಿ ಬರುತ್ತದೆ. ಬೂಟಿನಿಂದ ನೀರು ಇಳಿದು ಸಿಮೆಂಟಿನ ಮೇಲೆ ಹರಡಿತು. ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಕೆಲಸವನ್ನು ಹೀಗೆ ಕೂತು ನೋಡಿದವರು ಯಾರೂ ಇಲ್ಲ, ನನ್ನ ಅಪ್ಪನೂ ನೋಡಲಿಲ್ಲ.

ಹೋಟೆಲಿನವರು ಇಣುಕಿ "ಯಾರೊಟ್ಟಿಗೆ ಮಾತಾಡ್ತಾ ಇದ್ದೀರಿ?" ಎಂದರು. "ಗಿರಾಕಿಯೊಟ್ಟಿಗೆ" ಎಂದೆ. ಅವರು ನೆಲದ ನೀರು ನೋಡಿ, ಹಿಂದೆ ಸರಿದು ಹೋದರು.

ಫೆಬ್ರವರಿ ೨೮, ಮಂಗಳವಾರ

ದೊರೆಯವರು ಈಗ ದಿನಾ ಬರುತ್ತಾರೆ. ಅವರಿಗೆ ಸೋಸಿದ ನೀರು ಬೇಡವಂತೆ, ಹಾಗೆಯೇ ಸ್ವಾದ ಜಾಸ್ತಿಯಂತೆ. ನಾನೂ ಕುಡಿದು ನೋಡಿದೆ. ಹೌದು.

ಮಾರ್ಚ್ ೭, ಮಂಗಳವಾರ

ಪುಷ್ಪರಾಜನ ಕಾಗದ. ಈ ವಾರದಲ್ಲೇ ಆಗಬಹುದು, ಅಕ್ಕ ದಿನಾ ಬಸ್ಸಿನ ಹೊತ್ತಿಗೆ ಜಗಲಿಗೆ ಬಂದು ಕೂರುತ್ತಾಳೆ, ಕೂಡಲೇ ಹೊರಡಿ ಎಂದು ಬರೆದಿದ್ದಾನೆ. ಗುರುವಾರ ಹೋಗುತ್ತೇನೆ. ಬೆಳಗಿನ ಬಸ್ಸಿಗೆ.

ಮಾರ್ಚ್ ೯, ಗುರುವಾರ

ನಾಳೆ.

ಮಾರ್ಚ್ ೧೨, ಭಾನುವಾರ

ಮಧ್ಯಾಹ್ನ ಪುಷ್ಪರಾಜ ಬಾಡಿಗೆ ಕಾರು ಮಾಡಿಕೊಂಡು ಬಂದ. ಬಾಗಿಲಲ್ಲೇ ನಿಂತು ಹೇಳಿದ: "ಭಾವ, ಬೆಳಿಗ್ಗೆಯಿಂದ ಅಕ್ಕನಿಗೆ ನೋವು. ಏಳಿ, ಹೋಗುವ."

"ಬಂದೆ. ಮೂರು ಗಂಟೆಗೆ ಒಬ್ಬರು ಬರ್ತಾರೆ. ಅವರು ಬಂದು ಹೋದ ಕೂಡಲೇ ಹೊರಡುವ."

"ಯಾರು ಭಾವ? ಇಷ್ಟು ದೊಡ್ಡ ಜನ ಯಾರು?"

"ದೊರೆ."

ಪುಷ್ಪರಾಜ ಗೋಡೆಯನ್ನು ನೋಡಿದ. ಹನ್ನೊಂದು ಗಡಿಯಾರಗಳೂ ನಿಂತಿದ್ದವು, ಒಂದೊಂದು ಒಂದೊಂದು ಹೊತ್ತಿಗೆ. ಕೀ ಕೊಡುವುದು ಬಿಟ್ಟುಹೋಗಿದೆ.

"ಮೂರು ಗಂಟೆ ಆಗುವುದು ನಿಮಗೆ ಹೇಗೆ ಗೊತ್ತಾಗ್ತದೆ ಭಾವ?" ಎಂದ. "ಇದು ಮೂರನೇದ್ದು. ಅವಳು ನಿಮ್ಮ ಹೆಸರು ಹೇಳಿ ಕೂಗ್ತಾ ಇದ್ದಾಳೆ. ಗಂಡನ ಹೆಸರು ಬಾಯಲ್ಲಿ ಹೇಳದವಳು ಅವಳು."

ಎದ್ದೆ, ಅಂಗಿಗೆ ಕೈ ಹಾಕಿದೆ. ಅಷ್ಟರಲ್ಲಿ ದೊರೆಯವರು ಮೇಜಿನ ಮೇಲೆ ಬಿಟ್ಟುಹೋಗಿದ್ದ ರೀಲು ಒಂದು ಸಲ ಕಿರ್ರೆಂದಿತು, ಕೂತುಕೊಂಡೆ. ಒಂದು ಗಳಿಗೆ ಎಂದೆ. ಹೊರಗೆ ಕಾರಿನ ಹಾರ್ನು ಬಹಳ ಹೊತ್ತು ಕೂಗಿತು. ಆಮೇಲೆ ನಿಂತಿತು.

ಕತ್ತಲಾಗುವವರೆಗೆ ಕಾದೆ. ದೊರೆಯವರು ಇವತ್ತು ಬರಲೇ ಇಲ್ಲ.

ಮಾರ್ಚ್ ೧೩, ಸೋಮವಾರ

ಹೆಣ್ಣು ಮಗುವಂತೆ. ಮೂಡಬಿದ್ರೆ ಬಸ್ಸಿನ ಕಂಡಕ್ಟರು ಹೇಳಿ ಹೋದ. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರಂತೆ. ದೇವರು ದೊಡ್ಡವನು. ಅತ್ತೆ.

(ಅತ್ತೆ ಎಂದರೆ ಕಣ್ಣೀರು ಹಾಕಿದೆ ಎಂದು. ಮುಂದೆ ಓದುವಾಗ ಹೆಂಡತಿಯ ತಾಯಿ ಎಂದು ನಾನೇ ತಿಳಿಯಬಾರದು.)

ದೊರೆಯವರು ಮೂರಕ್ಕೆ ಬಂದರು. ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. ಮೂಡಬಿದ್ರೆಯಲ್ಲಿ ಸ್ವಲ್ಪ ಕೆಲಸವಿತ್ತು ಎಂದರು.

ಏಪ್ರಿಲ್ ೧೯, ಬುಧವಾರ

ಇವತ್ತು ಕಮಲಾವತಿ ಬಂದಿದ್ದಳು. ಹೇಳಿ ಕಳಿಸಿರಲಿಲ್ಲ. ತೌರಿನಿಂದ ಒಬ್ಬಳೇ, ಎಳೆ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ. ಮೂರು ಗಂಟೆ ದಾಟಿತ್ತು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಅವಳು ಸೊರಗಿದ್ದಳು, ಆದರೆ ಮುಖ ಶಾಂತವಾಗಿತ್ತು. ಬಯ್ಯಲು ಬಂದವಳ ಹಾಗೆ ಇರಲಿಲ್ಲ.

"ಒಂದು ವಿಷಯ ಕೇಳಬೇಕು, ಅದಕ್ಕೇ ಬಂದದ್ದು" ಎಂದಳು. "ಆ ದಿನ ನೋವು ತಡೆಯಲಿಕ್ಕೆ ಆಗದೆ ಇನ್ನು ಸಾಕು ಅಂತ ನಾನು ಕೈಬಿಟ್ಟಿದ್ದೆ. ಆಗ ಬಾಗಿಲಿನ ಹೊರಗೆ ಬೂಟಿನ ಶಬ್ದ ಆಯ್ತು. ಆಚೆ ಈಚೆ ನಡೆಯುವುದು. ಒಂದು ಕ್ಷಣ ಬಿಡದೆ ನಡೆಯುವುದು. ನೀವು ಬಂದಿರಿ ಅಂತ ತಿಳಿದೆ. ಆ ಶಬ್ದವನ್ನೇ ಹಿಡಿದುಕೊಂಡು ಧೈರ್ಯ ಮಾಡಿದೆ, ಮಗು ಉಳೀತು. ಆಮೇಲೆ ಅಮ್ಮ ಹೇಳಿದರು, ಯಾರೂ ಬರಲಿಲ್ಲ, ಜಗಲಿಯಲ್ಲಿ ಮಾತ್ರ ನೀರು ನಿಂತಿತ್ತು ಅಂತ. ನೀವು ಬೂಟು ಹಾಕುವವರೇ ಅಲ್ಲ." ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಯಾರು ಅದು?"

ನಾನು ಕುರ್ಚಿಯ ಕಡೆ ನೋಡಿದೆ. ದೊರೆಯವರು ಬೇರೆ ಕಡೆ ನೋಡುತ್ತಿದ್ದರು. ಮಾಡಿದ ಉಪಕಾರ ಹೇಳಿಕೊಳ್ಳುವ ಜಾತಿ ಅವರದ್ದಲ್ಲ.

ಕಮಲಾವತಿಗೆ ನಿಲ್ಲಲು ಆಗುತ್ತಿರಲಿಲ್ಲ. ಬಿಸಿಲಿನಲ್ಲಿ ಬಂದಿದ್ದಳು, ಮಗು ಬೇರೆ. ಕುರ್ಚಿಯ ಬೆನ್ನು ಹಿಡಿದು ಕೂರಲು ಹೋದಳು.

"ಅಲ್ಲಿ ಬೇಡ" ಎಂದೆ. "ಅವರು ಕೂತಿದ್ದಾರೆ."

ಅವಳ ಕೈ ಕುರ್ಚಿಯ ಮೇಲೆಯೇ ನಿಂತಿತು. ಕುರ್ಚಿಯನ್ನು ನೋಡಿದಳು, ನೆಲವನ್ನು ನೋಡಿದಳು, ನನ್ನನ್ನು ನೋಡಿದಳು. ಮಗುವಿನ ತಲೆಯ ಮೇಲೆ ಸೆರಗು ಎಳೆದಳು. ಆಮೇಲೆ, ತನಗೆ ಯಾರೂ ಕಾಣದಿದ್ದರೂ, ಕುರ್ಚಿಯ ಎದುರು ತಲೆ ಬಗ್ಗಿಸಿ ಕೈಮುಗಿದಳು. ನನಗೆ ಕೈಮುಗಿಯಲಿಲ್ಲ. ಬಂದ ಬಸ್ಸಿಗೇ ಹೋದಳು.

ಬಸ್ಸು ಹೋದ ಮೇಲೆ ಮಗಳ ಹೆಸರು ಕೇಳಲು ಮರೆತೆ ಎಂದು ಹೊಳೆಯಿತು. ಹೆಸರಿಟ್ಟಾಗಿರಬೇಕು, ನಾಮಕರಣಕ್ಕೂ ನಾನು ಹೋಗಿರಲಿಲ್ಲ. ದೊರೆಯವರನ್ನು ಕೇಳಿದೆ. ಅವರಿಗೆ ಗೊತ್ತಿತ್ತು. ಪದ್ಮಲತಾ ಅಂತೆ.